ಅಳತೆ ಕೊಳವೆ ಮತ್ತು ಟೋಟಲೈಸರ್: ಸಣ್ಣ ವಿಮಾನದ ಇಂಧನ ಲೆಕ್ಕಕ್ಕೆ ಎರಡು ಸಾಧನಗಳ ವಿಮರ್ಶೆ

ಒಂದೇ ಎಂಜಿನ್ನಿನ ಸಣ್ಣ ವಿಮಾನಗಳನ್ನು ಹಾರಿಸುವವರು ಇಂಧನದ ಲೆಕ್ಕ ಇಡುವುದಕ್ಕೆಂದು ಕೊಳ್ಳುವ ಸಾಧನಗಳಲ್ಲಿ ಎರಡನ್ನು ಈ ವಿಮರ್ಶೆಗೆ ಆರಿಸಿಕೊಂಡಿದ್ದೇನೆ. ಮೊದಲನೆಯದು, ಹೊರಡುವ ಮುಂಚೆ ಟ್ಯಾಂಕಿನ ಬಾಯಿಯೊಳಗೆ ಇಳಿಸಿ ಇಂಧನದ ಮಟ್ಟ ನೋಡುವ ಪಾರದರ್ಶಕ ಪ್ಲಾಸ್ಟಿಕ್ ಕೊಳವೆ. ಫ್ಯೂಯೆಲ್‌ಹಾಕ್ ಎಂಬ ಹೆಸರಿನಲ್ಲಿ ಬರುವುದು ಈ ಬಗೆಯಲ್ಲಿ ಹೆಚ್ಚು ಪರಿಚಿತವಾದದ್ದು. ಎರಡನೆಯದು, ಎಂಜಿನ್ನಿಗೆ ಇಂಧನ ಹೋಗುವ ದಾರಿಯಲ್ಲಿ ಒಂದು ಸೆನ್ಸರ್ ಕೂರಿಸಿ, ಹರಿದುಹೋದದ್ದನ್ನು ಕೂಡಿಸುತ್ತಾ, ಎಷ್ಟು ಉಳಿದಿದೆ, ಅದು ಇನ್ನೆಷ್ಟು ಹೊತ್ತಿಗೆ ಸಾಕು ಎಂಬುದನ್ನು ಪೈಲಟ್‌ನ ಎದುರಿನ ಫಲಕದಲ್ಲಿ ಅಂಕಿಯಾಗಿ ತೋರಿಸುವ ಎಲೆಕ್ಟ್ರಾನಿಕ್ ಯಂತ್ರ. ಇದನ್ನು ಟೋಟಲೈಸರ್ ಎಂದು ಕರೆಯುತ್ತಾರೆ. ಒಂದನ್ನು ಕೊಂಡ ದಿನವೇ ಬಳಸಬಹುದು, ಇನ್ನೊಂದನ್ನು ಅಳವಡಿಸುವುದಕ್ಕೆ ಪರವಾನಗಿ ಪಡೆದ ಮೆಕ್ಯಾನಿಕ್ ಬೇಕು, ಕಾಗದಪತ್ರ ಬೇಕು, ಅಷ್ಟು ದಿನ ವಿಮಾನ ಹ್ಯಾಂಗರಿನಲ್ಲಿಯೇ ಇರಬೇಕು. ಬೆಲೆಯಲ್ಲಂತೂ ಎರಡಕ್ಕೂ ಹೋಲಿಕೆಯೇ ಇಲ್ಲ. ಆದರೂ ಒಂದನ್ನು ಮಾತ್ರ ಕೊಳ್ಳಬಲ್ಲವರು ಕೇಳಿದರೆ ನಾನು ಹೇಳುವುದು ಅಗ್ಗದ ಕೊಳವೆಯನ್ನೇ, ಮತ್ತು ಅದು ಕೇವಲ ಹಣ ಉಳಿಸುವ ಸಲಹೆಯಲ್ಲ.

ಈ ಸಾಧನಗಳು ಯಾವ ಸಂಕಟಕ್ಕೆ ಪರಿಹಾರ ಎಂಬುದನ್ನು ಮೊದಲು ನೋಡಬೇಕು. ಅಮೆರಿಕದ ರಾಷ್ಟ್ರೀಯ ಸಾರಿಗೆ ಸುರಕ್ಷತಾ ಮಂಡಳಿ, ಅಂದರೆ ಎನ್‌ಟಿಎಸ್‌ಬಿ, 2017ರಲ್ಲಿ ಹೊರಡಿಸಿದ ಒಂದು ಸುರಕ್ಷತಾ ಎಚ್ಚರಿಕೆಯ ಪ್ರಕಾರ, 2011ರಿಂದ 2015ರವರೆಗಿನ ಅವಧಿಯಲ್ಲಿ ಆ ದೇಶದ ಸಣ್ಣ ಮತ್ತು ಖಾಸಗಿ ವಿಮಾನಗಳ ಅಪಘಾತದ ಕಾರಣಗಳಲ್ಲಿ ಇಂಧನ ನಿರ್ವಹಣೆಯ ಲೋಪಕ್ಕೆ ಆರನೆಯ ಸ್ಥಾನ. ವರ್ಷಕ್ಕೆ ಸರಾಸರಿ 50ಕ್ಕೂ ಹೆಚ್ಚು ಅಪಘಾತಗಳು. ಅವುಗಳಲ್ಲಿ ಶೇ. 56ರಷ್ಟು ವಿಮಾನದಲ್ಲಿ ಬಳಸಬಹುದಾದ ಇಂಧನ ಪೂರ್ತಿ ಬರಿದಾದದ್ದರಿಂದ ಆದವು, ಶೇ. 35ರಷ್ಟು, ಇಂಧನ ಎಲ್ಲೋ ಒಂದು ಟ್ಯಾಂಕಿನಲ್ಲಿ ಇದ್ದೂ ಎಂಜಿನ್ನನ್ನು ತಲುಪದೆ ಹೋದದ್ದರಿಂದ ಆದವು. ಇಂತಹ ಅಪಘಾತಗಳ ಪೈಕಿ ಶೇ. 95ರಲ್ಲಿ ಪೈಲಟ್‌ನ ನಡೆ ಅಥವಾ ನಿರ್ಲಕ್ಷ್ಯ ಕಾರಣವಾಗಿತ್ತು, ಉಪಕರಣದ ದೋಷ ಶೇ. 5ರಲ್ಲಿ ಮಾತ್ರ. ಹೊಸಬರ ಎಡವಟ್ಟು ಎಂದು ಇದನ್ನು ತಳ್ಳಿಹಾಕುವಂತೆಯೂ ಇಲ್ಲ, ಏಕೆಂದರೆ ಈ ಪೈಲಟ್‌ಗಳಲ್ಲಿ ಹತ್ತಿರಹತ್ತಿರ ಅರ್ಧದಷ್ಟು ಜನ ವಾಣಿಜ್ಯ ಹಾರಾಟದ ಅಥವಾ ಅದಕ್ಕೂ ಮೇಲಿನ ಪರವಾನಗಿ ಪಡೆದವರು. ತರಬೇತಿ ಪಡೆಯುತ್ತಿದ್ದವರು ಶೇ. 2 ಮಾತ್ರ. ಕಲಿಯುವವನ ಹಾರಾಟಕ್ಕೆ ಮೊದಲು ಬೋಧಕರೊಬ್ಬರು ಟ್ಯಾಂಕಿನ ಮುಚ್ಚಳ ತೆಗೆಸಿ ನೋಡಿಸುತ್ತಾರೆ, ಅನುಭವಿಗೆ ಹಾಗೆ ಹೇಳುವವರು ಯಾರೂ ಇರುವುದಿಲ್ಲ ಎಂಬುದು ಈ ಅಂತರಕ್ಕೆ ನನಗೆ ತೋರುವ ಕಾರಣ.

ಉಪಕರಣದ ದೋಷ ಇಷ್ಟು ಕಡಿಮೆ ಇರುವಾಗ ಇನ್ನೂ ಒಂದು ಉಪಕರಣ ಕೊಂಡು ಏನು ಪ್ರಯೋಜನ ಎಂಬ ಪ್ರಶ್ನೆ ನ್ಯಾಯವಾದದ್ದೇ. ಪ್ರಯೋಜನವಿದೆ, ಆದರೆ ಅದನ್ನು ಅಳೆಯಬೇಕಾದ ಬಗೆ ಬೇರೆ. ಪೈಲಟ್ ಮನಸ್ಸಿನಲ್ಲಿ "ಇಷ್ಟಿದೆ, ಸಾಕು" ಎಂದು ಒಂದು ಲೆಕ್ಕ ಹಾಕಿಕೊಂಡಿರುತ್ತಾನೆ. ಆ ಲೆಕ್ಕ ತಪ್ಪಾಗಿದ್ದರೆ ಸಾಧನವು ಅದನ್ನು ಎಷ್ಟು ಬೇಗ, ಎಷ್ಟು ನಿಷ್ಠುರವಾಗಿ ತೋರಿಸಿಕೊಡುತ್ತದೆ ಎಂಬುದೇ ಇಲ್ಲಿ ಒರೆಗಲ್ಲು. ದಶಮಾಂಶದ ನಂತರದ ಒಂದು ಅಂಕಿ ಸರಿಯಾಗಿದೆಯೇ ಎಂಬುದು ಆಮೇಲಿನ ಮಾತು.

ಕಾರ್ಖಾನೆಯಿಂದಲೇ ಬರುವ ಗೇಜ್‌ಗಳು ಈ ಒರೆಗಲ್ಲಿನ ಮುಂದೆ ಹೇಗೆ ನಿಲ್ಲುತ್ತವೆ ಎಂಬುದನ್ನು ಚಿಕ್ಕದಾಗಿ ಹೇಳಿಬಿಡುತ್ತೇನೆ. ಹಳೆಯ ಸೆಸ್ನಾ, ಪೈಪರ್ ವಿಮಾನಗಳ ಟ್ಯಾಂಕಿನೊಳಗೆ ಒಂದು ಫ್ಲೋಟ್ ತೇಲುತ್ತಿರುತ್ತದೆ. ಅದರ ತೋಳು ಮೇಲೆ ಕೆಳಗೆ ಆಡಿದಂತೆ ವಿದ್ಯುತ್ ರೋಧ ಬದಲಾಗಿ ಮುಳ್ಳು ಸರಿಯುತ್ತದೆ. ರೆಕ್ಕೆಯ ಟ್ಯಾಂಕು ಅಗಲ ಹೆಚ್ಚು, ಆಳ ಕಡಿಮೆ ಇರುವ ಪಾತ್ರೆಯಾದ್ದರಿಂದ ವಿಮಾನ ಸ್ವಲ್ಪ ವಾಲಿದರೂ, ಗಾಳಿಯಲ್ಲಿ ಕುಲುಕಿದರೂ ಮುಳ್ಳು ಎತ್ತೆತ್ತಲೋ ಹೋಗುತ್ತದೆ. ಈ ಗೇಜ್‌ಗಳು ಟ್ಯಾಂಕು ಖಾಲಿಯಾದಾಗ ಸೊನ್ನೆ ತೋರಿಸಿದರೆ ಸಾಕು, ಉಳಿದಂತೆ ಏನು ತೋರಿಸಿದರೂ ನಡೆಯುತ್ತದೆ ಎಂಬ ಮಾತು ಹಾರಾಟದ ವಲಯಗಳಲ್ಲಿ ಬಹಳ ಓಡಾಡುತ್ತದೆ. ಅಮೆರಿಕದ ನಿಯಮದಲ್ಲಿ ಇದ್ದದ್ದು ಇಷ್ಟು: ಸಮತಟ್ಟಾಗಿ ಹಾರುವಾಗ ಬಳಸಲಾಗದ ಇಂಧನ, ಅಂದರೆ ಟ್ಯಾಂಕಿನ ತಳದಲ್ಲಿ ಉಳಿದು ಎಂಜಿನ್ನಿಗೆ ಸರಿಯಾಗಿ ತಲುಪದಂಥದ್ದು, ಅಷ್ಟೇ ಉಳಿದಾಗ ಗೇಜ್ ಸೊನ್ನೆ ತೋರಿಸುವಂತೆ ಹೊಂದಿಸಿರಬೇಕು. ಸೊನ್ನೆಯ ಜಾಗ ಯಾವುದು ಎಂದು ಹೇಳಿದ ಈ ವಾಕ್ಯವನ್ನು ಉಳಿದ ಜಾಗಗಳಿಗೆ ಕೊಟ್ಟ ರಿಯಾಯಿತಿ ಎಂದು ಓದಿಕೊಂಡವರೇ ಹೆಚ್ಚು. ಪ್ರತಿ ಟ್ಯಾಂಕಿನಲ್ಲಿ ಎಷ್ಟು ಇಂಧನವಿದೆ ಎಂದು ತೋರಿಸುವ ಗೇಜ್ ಇರಲೇಬೇಕು ಎಂದು ಅದೇ ದೇಶದ ಹಾರಾಟದ ನಿಯಮಗಳು ಇನ್ನೊಂದೆಡೆ ಹೇಳುತ್ತವೆ. ಈ ತಪ್ಪು ಓದಿನಿಂದಾಗುವ ಹಾನಿ ದೊಡ್ಡದು. ಮುಳ್ಳು ನಿಜವಾಗಿಯೂ ಕೆಳಗಿಳಿಯುತ್ತಿರುವಾಗ "ಅದು ಯಾವಾಗಲೂ ಹಾಗೆಯೇ" ಎಂದು ಸುಮ್ಮನಾಗುವುದಕ್ಕೆ ಅದೊಂದು ನೆಪ.

ಈಗ ಕೊಳವೆಯ ವಿಷಯ. ಇದರ ಕೆಲಸ ಪ್ರಯೋಗಶಾಲೆಯ ಪಿಪೆಟ್‌ನ ತತ್ತ್ವದ್ದು. ಎರಡೂ ತುದಿ ತೆರೆದಿರುವ, ಮೈಮೇಲೆ ಗುರುತುಗಳಿರುವ ಕೊಳವೆಯನ್ನು ಟ್ಯಾಂಕಿನ ತಳ ಮುಟ್ಟುವವರೆಗೆ ನೆಟ್ಟಗೆ ಇಳಿಸಬೇಕು, ಒಳಗಿನ ಇಂಧನ ಹೊರಗಿನ ಮಟ್ಟಕ್ಕೆ ಬಂದು ನಿಂತ ಮೇಲೆ ಮೇಲ್ತುದಿಯನ್ನು ಬೆರಳಿನಿಂದ ಒತ್ತಿ ಮುಚ್ಚಿ ಹೊರತೆಗೆಯಬೇಕು. ಇಂಧನ ಕೊಳವೆಯಲ್ಲಿಯೇ ನಿಂತಿರುತ್ತದೆ, ನಿಧಾನವಾಗಿ ಓದಿಕೊಂಡು ಮತ್ತೆ ಟ್ಯಾಂಕಿಗೆ ಬಿಡಬಹುದು. ಮರದ ಕಡ್ಡಿಗಿಂತ ಇದು ಮೇಲು ಎನ್ನುವುದಕ್ಕೆ ಇಷ್ಟೇ ಸಾಕು. ವಿಮಾನದ ಪೆಟ್ರೋಲ್ ಬಲು ಬೇಗ ಆವಿಯಾಗುವಂಥದ್ದು, ಬಿಸಿಲಿನಲ್ಲಿ ಕಡ್ಡಿಯ ಮೇಲಿನ ಒದ್ದೆ ಗೆರೆ ಕಣ್ಣ ಮುಂದೆಯೇ ಮಾಯವಾಗುತ್ತದೆ, ಗೆರೆ ಎಲ್ಲಿತ್ತು ಎಂಬುದನ್ನು ಆಮೇಲೆ ಮನಸ್ಸು ತನಗೆ ಬೇಕಾದ ಕಡೆಗೆ ಸರಿಸಿಕೊಳ್ಳುತ್ತದೆ. ಕೊಳವೆಯಲ್ಲಿ ನಿಂತ ನೀಲಿ ಇಂಧನಕ್ಕೆ ಅಂತಹ ಸಡಿಲ ಕೊಡಲು ಬರುವುದಿಲ್ಲ.

ಇವು ಎರಡು ಬಗೆಯಲ್ಲಿ ಸಿಗುತ್ತವೆ. ನಿರ್ದಿಷ್ಟ ಮಾದರಿಯ ವಿಮಾನಕ್ಕೆಂದೇ ಗ್ಯಾಲನ್ ಗುರುತು ಹಾಕಿದ್ದು ಒಂದು. ಬರೀ ಸರಣಿ ಸಂಖ್ಯೆಗಳಿದ್ದು, ಯಾವ ಸಂಖ್ಯೆಗೆ ಎಷ್ಟು ಇಂಧನ ಎಂಬ ಪಟ್ಟಿಯನ್ನು ಕೊಂಡವರೇ ತಯಾರಿಸಿಕೊಳ್ಳಬೇಕಾದ ಸಾರ್ವತ್ರಿಕ ಮಾದರಿ ಇನ್ನೊಂದು. ಮೊದಲನೆಯದೇ ಸುಲಭವೆಂದು ಎಲ್ಲರೂ ಅದನ್ನು ಆರಿಸುತ್ತಾರೆ. ನನ್ನ ಒಲವು ಎರಡನೆಯದರ ಕಡೆಗೆ. ಒಂದೇ ಹೆಸರಿನ ವಿಮಾನಗಳಲ್ಲಿಯೂ ಟ್ಯಾಂಕುಗಳು ಒಂದೇ ಅಲ್ಲ: ಸೆಸ್ನಾ 172ರ ಎಂ ಮಾದರಿಯ ಸಾಮಾನ್ಯ ಟ್ಯಾಂಕುಗಳಲ್ಲಿ ಬಳಸಬಹುದಾದ ಇಂಧನ 38 ಗ್ಯಾಲನ್, ಎನ್ ಮಾದರಿಯ ಸಾಮಾನ್ಯ ಟ್ಯಾಂಕುಗಳಲ್ಲಿ 40, ಅದೇ ಮಾದರಿಯ ದೊಡ್ಡ ಟ್ಯಾಂಕುಗಳಲ್ಲಿ 50, ಇತ್ತೀಚಿನ ಎಸ್ ಮಾದರಿಯಲ್ಲಿ 53. ಅಮೆರಿಕನ್ ಗ್ಯಾಲನ್ ಎಂದರೆ ಸುಮಾರು 3.8 ಲೀಟರ್. ಹೊರಗಿನಿಂದ ನೋಡಿದರೆ ಈ ವಿಮಾನಗಳನ್ನು ಬೇರೆಬೇರೆ ಎಂದು ಗುರುತಿಸುವುದೇ ಕಷ್ಟ. ಬೇರೆ ಟ್ಯಾಂಕಿನ ಗುರುತುಗಳಿರುವ ಕೊಳವೆಯನ್ನು ಇಳಿಸಿದರೆ ಅದು ತಪ್ಪು ಸಂಖ್ಯೆಯನ್ನು ಪೂರ್ಣ ವಿಶ್ವಾಸದಿಂದ ತೋರಿಸುತ್ತದೆ. ಸ್ವಂತ ಪಟ್ಟಿ ತಯಾರಿಸಿಕೊಂಡವರಿಗೆ ಆ ಅಪಾಯವಿಲ್ಲ.

ಪಟ್ಟಿ ತಯಾರಿಸುವ ಕೆಲಸ ಒಂದು ಅರ್ಧ ದಿನವನ್ನು ತಿನ್ನುತ್ತದೆ, ಆದರೆ ಕೊಳವೆಗೆ ಬೆಲೆ ಬರುವುದೇ ಅದರಿಂದ. ವಿಮಾನವನ್ನು ಸಮತಟ್ಟಾದ ನೆಲದಲ್ಲಿ ನಿಲ್ಲಿಸಿ, ಮೆಕ್ಯಾನಿಕ್‌ನ ಸಹಾಯದಿಂದ ಟ್ಯಾಂಕನ್ನು ಬಳಸಲಾಗದ ಇಂಧನ ಮಾತ್ರ ಉಳಿಯುವವರೆಗೆ ಬರಿದುಮಾಡಿ, ಆಮೇಲೆ ಅಳೆದ ಇಂಧನವನ್ನು ಐದೈದು ಗ್ಯಾಲನ್‌ನಂತೆ ಹಾಕುತ್ತಾ, ಪ್ರತಿ ಸಲವೂ ಕೊಳವೆ ಇಳಿಸಿ ಸಂಖ್ಯೆ ಬರೆದುಕೊಳ್ಳಬೇಕು. ಎಡ ಟ್ಯಾಂಕಿನ ಪಟ್ಟಿ ಬಲ ಟ್ಯಾಂಕಿಗೆ ಆದೀತು ಎಂದುಕೊಳ್ಳಬಾರದು, ಹಳೆಯ ವಿಮಾನಗಳಲ್ಲಿ ಎರಡಕ್ಕೂ ವ್ಯತ್ಯಾಸ ಬರುವುದುಂಟು. ಸೆಸ್ನಾದಂತಹ ವಿಮಾನಗಳಲ್ಲಿ ಇಂಧನದ ಸೆಲೆಕ್ಟರನ್ನು, ಅಂದರೆ ಯಾವ ಟ್ಯಾಂಕಿನಿಂದ ಇಂಧನ ಹೋಗಬೇಕೆಂದು ಆರಿಸುವ ಹಿಡಿಯನ್ನು, ಎರಡೂ ಟ್ಯಾಂಕು ತೆರೆದಿರುವ ಸ್ಥಾನದಲ್ಲಿ ಬಿಟ್ಟರೆ ಒಂದರಿಂದ ಇನ್ನೊಂದಕ್ಕೆ ಇಂಧನ ಹರಿದು ಅಳತೆ ಕೆಡುವುದರಿಂದ, ಅದನ್ನು ಒಂದೇ ಟ್ಯಾಂಕಿನ ಕಡೆಗೆ ತಿರುಗಿಸಿಡಬೇಕು. ಇಷ್ಟೆಲ್ಲ ಮಾಡಿದ ಮೇಲೆ ಇನ್ನೊಂದು ಲಾಭ ತಾನಾಗಿ ಬರುತ್ತದೆ: ಪ್ರತಿ ಐದು ಗ್ಯಾಲನ್‌ಗೆ ಫಲಕದ ಗೇಜ್ ಏನು ತೋರಿಸಿತು ಎಂಬುದನ್ನೂ ಪಕ್ಕದಲ್ಲಿ ಬರೆದುಕೊಂಡರೆ, ಇಷ್ಟು ದಿನ ನಂಬಲಾಗದ ವಸ್ತುವಾಗಿದ್ದ ಮುಳ್ಳಿಗೂ ಒಂದು ಅರ್ಥ ಸಿಗುತ್ತದೆ.

ಕೊಳವೆಯ ಮಿತಿಗಳು ಸಣ್ಣವೇನಲ್ಲ. ಅದು ಅಳೆಯುವುದು ಟ್ಯಾಂಕಿನ ಬಾಯಿಯ ನೇರ ಕೆಳಗಿನ ಆಳವನ್ನು ಮಾತ್ರ. ಪೈಪರ್ ಚೆರೋಕಿಯಂತಹ ವಿಮಾನಗಳಲ್ಲಿ ರೆಕ್ಕೆ ಬುಡದಿಂದ ತುದಿಯ ಕಡೆಗೆ ಮೇಲೇರುತ್ತಾ ಹೋಗುತ್ತದೆ, ಟ್ಯಾಂಕಿನ ಬಾಯಿ ಹೊರಬದಿಯಲ್ಲಿದೆ. ಇಂಧನ ಸಾಕಷ್ಟು ಇಳಿದ ಮೇಲೆ ಅದೆಲ್ಲ ಒಳಬದಿಗೆ ಸೇರಿ, ಕೊಳವೆಗೆ ಬರಿಯ ಲೋಹದ ತಳ ತಾಕುತ್ತದೆ. ಅಂದರೆ ಇನ್ನೂ ಒಂದಿಷ್ಟು ಇದ್ದಾಗಲೂ ಅದು ಸೊನ್ನೆ ಎನ್ನುತ್ತದೆ. ತಪ್ಪೇ ಆಗುವುದಾದರೆ ಈ ದಿಕ್ಕಿನ ತಪ್ಪು ಆಗಲಿ ಎಂದು ನಾನು ಇದನ್ನು ದೋಷವಾಗಿ ಎಣಿಸುವುದಿಲ್ಲ. ನೆಲದ ಇಳಿಜಾರು ಮಾತ್ರ ನಿಜವಾದ ದೋಷ ತರುತ್ತದೆ. ಟ್ಯಾಂಕು ಅಗಲವಾಗಿರುವುದರಿಂದ ಕೊಳವೆಯ ಮೇಲಿನ ಒಂದು ಇಂಚು ಎಂದರೆ ಹಲವು ಗ್ಯಾಲನ್. ವಿಮಾನ ಒಂದು ಬದಿಗೆ ವಾಲಿ ನಿಂತಿದ್ದರೆ ಒಂದು ಟ್ಯಾಂಕು ಹೆಚ್ಚು, ಇನ್ನೊಂದು ಕಡಿಮೆ ತೋರಿಸುತ್ತದೆ. ಬಾಲದ ಕೆಳಗೆ ಚಕ್ರವಿರುವ ವಿಮಾನಗಳು ನೆಲದ ಮೇಲೆ ಮೂಗು ಎತ್ತಿ ನಿಲ್ಲುವುದರಿಂದ ಅವುಗಳ ಪಟ್ಟಿಯನ್ನು ಆ ಭಂಗಿಯಲ್ಲಿಯೇ ತಯಾರಿಸಬೇಕು. ದಪ್ಪ ಕೈಗವಸು ಹಾಕಿಕೊಂಡರೆ ಮೇಲ್ತುದಿ ಸರಿಯಾಗಿ ಮುಚ್ಚುವುದಿಲ್ಲ, ಓದುವಷ್ಟರಲ್ಲಿ ಇಂಧನ ಸೋರಿಹೋಗಿ ಕಡಿಮೆ ಕಾಣುತ್ತದೆ. ರೆಕ್ಕೆ ಮೇಲಿರುವ ವಿಮಾನಗಳಲ್ಲಿ ಏಣಿ ಹತ್ತಬೇಕು. ಮಳೆಯಲ್ಲಿ ಮುಚ್ಚಳ ತೆಗೆಯಲು ಯಾರಿಗೂ ಮನಸ್ಸು ಬರುವುದಿಲ್ಲ. ಅಳತೆಯನ್ನು ಜನ ಬಿಟ್ಟುಬಿಡುವುದು ಬಹುತೇಕ ಈ ಕೊನೆಯ ಎರಡು ಕಾರಣಗಳಿಗೆ, ಮತ್ತು ಅದಕ್ಕೆ ಯಾವ ತಯಾರಕನೂ ಉತ್ತರ ಕೊಡಲಾರ.

ಕೊಳವೆ ಸರಿಯಾಗಿ ಅಳೆದರೂ ಲೆಕ್ಕ ತಪ್ಪಬಹುದು ಎನ್ನುವುದಕ್ಕೆ ವಾಯುಯಾನದ ಅತ್ಯಂತ ಪ್ರಸಿದ್ಧ ಉದಾಹರಣೆ ಸಣ್ಣ ವಿಮಾನದ್ದಲ್ಲ, ಏರ್ ಕೆನಡಾದ ಬೋಯಿಂಗ್ 767ರದ್ದು. 1983ರ ಜುಲೈ 23ರಂದು ಆ ವಿಮಾನದ ಇಂಧನ ಗೇಜ್‌ಗಳು ಕೆಲಸ ಮಾಡುತ್ತಿರಲಿಲ್ಲವಾದ್ದರಿಂದ ಸಿಬ್ಬಂದಿ ಅಳತೆ ಕಡ್ಡಿಗಳನ್ನು ಬಳಸಿ 7,682 ಲೀಟರ್ ಇದೆ ಎಂದು ಕಂಡುಕೊಂಡರು. ಆ ಅಳತೆಯಲ್ಲಿ ತಪ್ಪಿರಲಿಲ್ಲ. ಲೀಟರನ್ನು ಕಿಲೋಗ್ರಾಂಗೆ ಬದಲಿಸಲು ಸುಮಾರು 0.8ರಿಂದ ಗುಣಿಸುವ ಬದಲು, ಪೌಂಡಿಗೆ ಬದಲಿಸುವ 1.77ರಿಂದ ಗುಣಿಸಿ, ಬಂದ ಸಂಖ್ಯೆಯನ್ನು ಕಿಲೋಗ್ರಾಂ ಎಂದೇ ಓದಿದರು. ಬೇಕಾಗಿದ್ದ 22,300 ಕಿಲೋಗ್ರಾಂ ಬದಲಿಗೆ ಅದರ ಅರ್ಧಕ್ಕಿಂತ ಕಡಿಮೆ ಇಂಧನದೊಂದಿಗೆ ಹೊರಟ ವಿಮಾನದ ಎರಡೂ ಎಂಜಿನ್‌ಗಳು ದಾರಿಯಲ್ಲಿ ನಿಂತವು. ಪೈಲಟ್‌ಗಳ ಚಾತುರ್ಯದಿಂದ ಅದು ತೇಲುತ್ತಾ ಬಂದು ಗಿಮ್ಲಿಯ ಹಳೆಯ ವಾಯುನೆಲೆಯಲ್ಲಿ ಇಳಿಯಿತು, ಯಾರೂ ಸಾಯಲಿಲ್ಲ. ಆದ್ದರಿಂದ ಕೊಳವೆಯ ಪಟ್ಟಿಯನ್ನು ಒಂದೇ ಮಾನದಲ್ಲಿ, ವಿಮಾನದ ಕೈಪಿಡಿ ಬಳಸುವ ಮಾನದಲ್ಲಿಯೇ ಬರೆದಿಡಬೇಕು ಎನ್ನುತ್ತೇನೆ. ಬಂಕಿನವರು ಲೀಟರ್ ಲೆಕ್ಕದಲ್ಲಿ ತುಂಬುವ ಕಡೆಗಳಲ್ಲಿ, ಲೀಟರ್ ಮತ್ತು ಗ್ಯಾಲನ್ ಅಕ್ಕಪಕ್ಕ ಬರೆದ ಒಂದು ಚೀಟಿಯನ್ನು ಕೊಳವೆಗೇ ಸುತ್ತಿಡುವುದು ಇನ್ನೂ ಒಳ್ಳೆಯದು.

ಟೋಟಲೈಸರ್ ಬೇರೆಯದೇ ಜಾತಿಯ ವಸ್ತು. ಸಾಮಾನ್ಯವಾಗಿ ಅದರ ಸೆನ್ಸರಿನೊಳಗೆ ಇಂಧನದ ಹರಿವಿಗೆ ತಿರುಗುವ ಪುಟ್ಟ ಚಕ್ರವೊಂದಿರುತ್ತದೆ. ಚಕ್ರದ ಪ್ರತಿ ಸುತ್ತು ಬೆಳಕಿನ ಕಿರಣವನ್ನು ಕಡಿದಾಗ ಒಂದು ವಿದ್ಯುತ್ ಮಿಡಿತ ಹುಟ್ಟುತ್ತದೆ, ಒಂದು ಗ್ಯಾಲನ್‌ಗೆ ಇಂತಹ ಹತ್ತಾರು ಸಾವಿರ ಮಿಡಿತಗಳು. ಅವುಗಳನ್ನು ಎಣಿಸಿ ಯಂತ್ರವು ಗಂಟೆಗೆ ಎಷ್ಟು ಗ್ಯಾಲನ್ ಉರಿಯುತ್ತಿದೆ, ಈವರೆಗೆ ಎಷ್ಟು ಉರಿಯಿತು ಎಂದು ಹೇಳುತ್ತದೆ. ಅಳವಡಿಸಿದ ಕೂಡಲೇ ಇದು ಪೂರ್ತಿ ಸರಿಯಾಗಿರುವುದಿಲ್ಲ, ಮಿಡಿತಗಳ ಸಂಖ್ಯೆಯನ್ನು ಆಯಾ ವಿಮಾನಕ್ಕೆ ಹೊಂದಿಸಬೇಕು. ಉದಾಹರಣೆಗೆ ಯಂತ್ರದಲ್ಲಿ ಗ್ಯಾಲನ್‌ಗೆ 29,000 ಮಿಡಿತ ಎಂದು ನಮೂದಿಸಿದ್ದು, ಕೆಲವು ಹಾರಾಟಗಳ ನಂತರ ಅದು 40 ಗ್ಯಾಲನ್ ಖರ್ಚಾಯಿತು ಎಂದು ತೋರಿಸುವಾಗ ಬಂಕಿನಲ್ಲಿ 42 ಗ್ಯಾಲನ್ ಹಿಡಿದರೆ, ಆ ಸಂಖ್ಯೆಯನ್ನು ಸುಮಾರು 27,600ಕ್ಕೆ ಇಳಿಸಬೇಕು. ಹೀಗೆ ಎರಡು ಮೂರು ಸಲ ತಿದ್ದಿದ ಮೇಲೆ ಯಂತ್ರದ ಲೆಕ್ಕಕ್ಕೂ ಬಂಕಿನ ರಸೀದಿಗೂ ಇರುವ ಅಂತರ ಗಮನಕ್ಕೆ ಬಾರದಷ್ಟು ಚಿಕ್ಕದಾಗುತ್ತದೆ. ಖರ್ಚಾದ ಇಂಧನದ ಲೆಕ್ಕದಲ್ಲಿ ಸಣ್ಣ ವಿಮಾನದಲ್ಲಿರುವ ಬೇರೆ ಯಾವ ವಸ್ತುವೂ ಇದಕ್ಕೆ ಸಮನಲ್ಲ.

ಇದರ ನಿಜವಾದ ಗುಣ ಕಾಣಿಸುವುದು ದಾರಿಯ ಮಧ್ಯದಲ್ಲಿ. ಕೈಪಿಡಿಯ ಪಟ್ಟಿಗಳಲ್ಲಿರುವ ಇಂಧನದ ಖರ್ಚು, ಎತ್ತರಕ್ಕೆ ಹೋದ ಮೇಲೆ ಪೈಲಟ್ ಮಿಕ್ಸ್ಚರನ್ನು ಸರಿಯಾಗಿ ಲೀನ್ ಮಾಡಿದ್ದಾನೆ, ಅಂದರೆ ಎಂಜಿನ್ನಿಗೆ ಹೋಗುವ ಗಾಳಿ-ಇಂಧನದ ಮಿಶ್ರಣದಲ್ಲಿ ಇಂಧನದ ಪಾಲನ್ನು ತಗ್ಗಿಸಿದ್ದಾನೆ ಎಂದು ಭಾವಿಸಿ ಬರೆದದ್ದು. ಹಾಗೆ ಮಾಡದೆ ಮಿಕ್ಸ್ಚರಿನ ಕೆಂಪು ಗುಂಡಿಯನ್ನು ಪೂರ್ತಿ ಒಳಗೆ ಬಿಟ್ಟು ಹಾರಿದರೆ, ಸೆಸ್ನಾ 172ರಂತಹ ವಿಮಾನವೂ ಗಂಟೆಗೆ ಒಂದೆರಡು ಗ್ಯಾಲನ್ ಹೆಚ್ಚು ಕುಡಿಯುತ್ತದೆ. ನಾಲ್ಕು ಗಂಟೆಯ ಹಾರಾಟದಲ್ಲಿ, ಕಾಗದದ ಮೇಲೆ ಕಾದಿರಿಸಿದ್ದ ಇಂಧನವನ್ನೆಲ್ಲ ನುಂಗಿಹಾಕಲು ಅಷ್ಟೇ ಸಾಕು. ಟೋಟಲೈಸರ್ ಇದ್ದರೆ ಮೊದಲ ಹದಿನೈದು ನಿಮಿಷದಲ್ಲಿಯೇ ಇದು ಕಣ್ಣಿಗೆ ಬೀಳುತ್ತದೆ. ಎದುರುಗಾಳಿಯ ವಿಷಯವೂ ಹಾಗೆಯೇ: ಜಿಪಿಎಸ್‌ಗೆ ಜೋಡಿಸಿದ ಯಂತ್ರವು ತಲುಪುವ ಊರಿನಲ್ಲಿ ಎಷ್ಟು ಇಂಧನ ಉಳಿದಿರುತ್ತದೆ ಎಂಬುದನ್ನು ನೆಲದ ಮೇಲಿನ ನಿಜವಾದ ವೇಗದ ಆಧಾರದಲ್ಲಿ ಹೇಳುತ್ತಿರುತ್ತದೆ. ಗಾಳಿ ಮುನ್ಸೂಚನೆಗಿಂತ ಬಲವಾಗಿದ್ದರೆ ಆ ಅಂಕಿ ನಿಮಿಷನಿಮಿಷಕ್ಕೂ ಕರಗುವುದು ಕಾಣುತ್ತದೆ, ಇಳಿದು ಇಂಧನ ಹಾಕಿಸಿಕೊಳ್ಳುವ ನಿರ್ಧಾರವನ್ನು ಇನ್ನೂ ವಿಮಾನ ನಿಲ್ದಾಣಗಳು ಕೈಗೆಟುಕುವಾಗಲೇ ಮಾಡಬಹುದು. ಕೊಳವೆಗೆ ಈ ಕೆಲಸ ಸಾಧ್ಯವೇ ಇಲ್ಲ.

ಇಷ್ಟೆಲ್ಲ ಹೊಗಳಿದ ಮೇಲೂ ಒಂದನ್ನೇ ಕೊಳ್ಳುವುದಾದರೆ ಇದನ್ನು ಬೇಡ ಎನ್ನುವುದೇಕೆ ಎಂದರೆ, ಈ ಯಂತ್ರ ಟ್ಯಾಂಕನ್ನು ಎಂದೂ ನೋಡುವುದಿಲ್ಲ. ಹೊರಡುವಾಗ ಎಷ್ಟಿತ್ತು ಎಂಬುದನ್ನು ಪೈಲಟ್ ಹೇಳಬೇಕು, ಅದರಿಂದ ಅದು ಕಳೆಯುತ್ತಾ ಹೋಗುತ್ತದೆ. ಪೆಟ್ಟಿಗೆ ತೆರೆದು ನೋಡದೆ ಖರ್ಚು ಮಾತ್ರ ಬರೆದುಕೊಳ್ಳುವ ಗುಮಾಸ್ತನಂತೆ. ಹೆಚ್ಚಿನ ಯಂತ್ರಗಳಲ್ಲಿ ಟ್ಯಾಂಕು ತುಂಬಿದೆ ಎಂದು ಹೇಳುವುದು ಬಲು ಸುಲಭ, ಒಂದು ಗುಂಡಿ ಒತ್ತಿದರೆ ಆಯಿತು. ಬೇರೆ ಯಾವುದೇ ಪ್ರಮಾಣವನ್ನು ನಮೂದಿಸಲು ಮೆನುವಿನೊಳಗೆ ಇಳಿದು ಅಂಕಿಗಳನ್ನು ಒಂದೊಂದಾಗಿ ಏರಿಸಿ ಇಳಿಸಬೇಕು. ಈ ವಿನ್ಯಾಸ ನನಗೆ ಒಪ್ಪಿಗೆಯಿಲ್ಲ. ಸೆಸ್ನಾ 172ರ ಎಸ್ ಮಾದರಿಯಲ್ಲಿ ಟ್ಯಾಂಕಿನ ಬಾಯಿಯೊಳಗೆ ಒಂದು ತಗಡಿನ ನಾಲಗೆ ಇದೆ. ಇಂಧನವನ್ನು ಅದರ ಕೆಳತುದಿಗೆ ತುಂಬಿದರೆ ಒಂದೊಂದು ಬದಿಗೆ 17.5ರಂತೆ ಒಟ್ಟು 35 ಗ್ಯಾಲನ್. ನಾಲ್ಕು ಜನ ಕೂರುವಾಗ ತೂಕ ಮಿತಿಯಲ್ಲಿರಲಿ ಎಂದು ಹೀಗೆ ಅರೆಬರೆ ತುಂಬಿಸುವುದು ಸಾಮಾನ್ಯ. ಅಂತಹ ದಿನ ಅಭ್ಯಾಸಬಲದಿಂದ ತುಂಬಿದೆ ಎಂಬ ಗುಂಡಿಯನ್ನು ಒತ್ತಿದರೆ ಯಂತ್ರ 53ರಿಂದ ಎಣಿಸಲು ಶುರುಮಾಡುತ್ತದೆ. ಇಲ್ಲದ 18 ಗ್ಯಾಲನ್, ಅಂದರೆ ಹತ್ತಿರಹತ್ತಿರ ಎರಡು ಗಂಟೆಯ ಹಾರಾಟ, ಒಂದು ದಶಮಾಂಶ ಸ್ಥಾನದವರೆಗಿನ ನಿಖರತೆಯೊಂದಿಗೆ ಪರದೆಯ ಮೇಲೆ ಮಿನುಗುತ್ತಿರುತ್ತದೆ. ಗೇಜಿನ ಮುಳ್ಳು ಆಗ ನಿಜ ಹೇಳುತ್ತಿದ್ದರೂ, ಮುಳ್ಳಿಗಿಂತ ಅಂಕಿಯನ್ನು ನಂಬುವುದೇ ನಮ್ಮ ಸ್ವಭಾವ.

ಸೆನ್ಸರನ್ನು ದಾಟದ ಇಂಧನ ಇದರ ಲೆಕ್ಕಕ್ಕೆ ಸಿಗುವುದಿಲ್ಲ ಎಂಬುದು ಇನ್ನೊಂದು ಕುರುಡು. ಟ್ಯಾಂಕಿನ ಮುಚ್ಚಳ ಸರಿಯಾಗಿ ಕೂರದಿದ್ದರೆ ರೆಕ್ಕೆಯ ಮೇಲ್ಭಾಗದ ಕಡಿಮೆ ಒತ್ತಡ ಇಂಧನವನ್ನು ಹೊರಗೆಳೆದು ಗಾಳಿಗೆ ಎರಚುತ್ತದೆ, ಟ್ಯಾಂಕು ಬರಿದುಮಾಡುವ ನಳಿಕೆಯ ಕವಾಟ ಸರಿಯಾಗಿ ಮುಚ್ಚದಿದ್ದರೆ ಹನಿಹನಿಯಾಗಿ ಹೋಗುತ್ತದೆ, ರಾತ್ರಿ ನಿಲ್ಲಿಸಿದ್ದಾಗ ಯಾರೋ ಕದ್ದೂ ಇರಬಹುದು. ಯಂತ್ರಕ್ಕೆ ಇದಾವುದೂ ತಿಳಿಯದು. ಮೇಲೆ ಹೇಳಿದ ಶೇ. 35ರ ಅಪಘಾತಗಳಿಗೂ ಇದು ಉತ್ತರವಲ್ಲ. ಪೈಪರ್ ಆರ್ಚರ್‌ನಲ್ಲಿ ಬಳಸಬಹುದಾದ ಇಂಧನ 48 ಗ್ಯಾಲನ್, ಎರಡು ಟ್ಯಾಂಕುಗಳಲ್ಲಿ ಸಮನಾಗಿ. ಸೆಲೆಕ್ಟರಿಗೆ ಎಡ, ಬಲ, ಬಂದ್ ಎಂಬ ಸ್ಥಾನಗಳಿವೆಯೇ ಹೊರತು ಎರಡನ್ನೂ ಒಟ್ಟಿಗೆ ತೆರೆಯುವ ಸ್ಥಾನವಿಲ್ಲ. ಪೈಲಟ್ ನೆನಪಿಟ್ಟು ಆಗಾಗ ಟ್ಯಾಂಕು ಬದಲಿಸಬೇಕು. ಒಟ್ಟು ಲೆಕ್ಕ ಮಾತ್ರ ಇಡುವ ಟೋಟಲೈಸರ್, ಎಡ ಟ್ಯಾಂಕು ಒಣಗಿ ಎಂಜಿನ್ ಕೆಮ್ಮುತ್ತಿರುವಾಗಲೂ ಇನ್ನೂ 20 ಗ್ಯಾಲನ್ ಇದೆ ಎಂದು ನಿಶ್ಚಿಂತೆಯಿಂದ ಹೇಳಬಲ್ಲದು. ಅರ್ಧ ಗಂಟೆಗೊಮ್ಮೆ ಟ್ಯಾಂಕು ಬದಲಿಸು ಎಂದು ನೆನಪಿಸುವ ಸೌಲಭ್ಯ ಕೆಲವು ಯಂತ್ರಗಳಲ್ಲಿದೆ. ಇಂತಹ ವಿಮಾನ ಇರುವವರು ಕೊಳ್ಳುವಾಗ ಮೊದಲು ಕೇಳಬೇಕಾದದ್ದು ಅದನ್ನೇ.

ಪರದೆಯನ್ನು ಎಲ್ಲಿ ಕೂರಿಸುತ್ತಾರೆ ಎಂಬುದನ್ನು ಮೆಕ್ಯಾನಿಕ್‌ನ ಅನುಕೂಲಕ್ಕೆ ಬಿಡಬಾರದು. 1997ರ ಅಕ್ಟೋಬರ್ 12ರಂದು ಗಾಯಕ ಜಾನ್ ಡೆನ್ವರ್ ಮಾಂಟೆರೆ ಕೊಲ್ಲಿಯಲ್ಲಿ ಬಿದ್ದು ಸತ್ತ, ಹವ್ಯಾಸಿಗಳು ತಾವೇ ಕಟ್ಟಿಕೊಳ್ಳುವ ಬಗೆಯ ಲಾಂಗ್-ಈಝಿ ವಿಮಾನದಲ್ಲಿ, ಅದನ್ನು ಕಟ್ಟಿದವರು ಇಂಧನದ ಸೆಲೆಕ್ಟರನ್ನು ವಿನ್ಯಾಸದಲ್ಲಿದ್ದ ಜಾಗ ಬಿಟ್ಟು ಪೈಲಟ್‌ನ ಎಡ ಭುಜದ ಹಿಂದೆ ಕೂರಿಸಿದ್ದರು. ಇಂಧನದ ಮಟ್ಟ ತೋರಿಸುವ ಗಾಜುಗಳು ಹಿಂದಿನ ಸೀಟಿನ ಬಳಿ ಇದ್ದವು, ಮುಂದೆ ಕೂತವರಿಗೆ ಕನ್ನಡಿಯಿಲ್ಲದೆ ಕಾಣುತ್ತಿರಲಿಲ್ಲ. ಹೊರಡುವ ಮುಂಚೆ ಇಂಧನ ಹಾಕಿಸುವ ಮಾತು ಬಂದಾಗ, ಒಂದು ಗಂಟೆಯಷ್ಟೇ ಹಾರುವುದು ಎಂದು ಡೆನ್ವರ್ ಬೇಡವೆಂದಿದ್ದರು. ಟ್ಯಾಂಕು ಬದಲಿಸಲು ದೇಹ ಹೊರಳಿಸಬೇಕಾದ ಕಾಕ್‌ಪಿಟ್‌ನಲ್ಲಿ ಎಷ್ಟು ನಿಖರವಾದ ಅಂಕಿ ಇದ್ದರೂ ಉಪಯೋಗ ಕಡಿಮೆ. ಟೋಟಲೈಸರಿನ ಪರದೆ ವೇಗ ಮತ್ತು ಎತ್ತರದ ಮಾಪಕಗಳನ್ನು ನೋಡುವ ಕಣ್ಣಿಗೆ ತಾನಾಗಿ ಬೀಳುವ ಜಾಗದಲ್ಲಿರಬೇಕು. ಸಹ ಪೈಲಟ್‌ನ ಬದಿಯ ಮೂಲೆಯಲ್ಲಿ ಖಾಲಿ ರಂಧ್ರ ಇದೆ ಎಂದು ಅಲ್ಲಿ ಕೂರಿಸಿದ ಯಂತ್ರಗಳನ್ನು ಕಂಡಿದ್ದೇನೆ, ಅವುಗಳನ್ನು ಯಾರೂ ಓದುವುದಿಲ್ಲ.

ಎಚ್ಚರಿಕೆಯ ದೀಪ ಅಥವಾ ಸದ್ದನ್ನು ಗ್ಯಾಲನ್ ಲೆಕ್ಕದಲ್ಲಿ ಇಡುವುದಕ್ಕಿಂತ ಸಮಯದ ಲೆಕ್ಕದಲ್ಲಿ ಇಡುವುದು ಲೇಸು. ಅಮೆರಿಕದಲ್ಲಿ ಹೊರಗೆ ಕಣ್ಣಿನಿಂದ ನೋಡಿಕೊಂಡು ಮಾಡುವ ಹಾರಾಟಕ್ಕೆ ಹಗಲಿನಲ್ಲಿ 30 ನಿಮಿಷ, ರಾತ್ರಿ 45 ನಿಮಿಷದ ಇಂಧನ ಹೆಚ್ಚುವರಿಯಾಗಿ ಇರುವಂತೆ ಯೋಜಿಸಿ ಹೊರಡಬೇಕು ಎಂಬುದು ನಿಯಮ. ಅಲ್ಲಿನ ಪೈಲಟ್‌ಗಳ ಸಂಘವಾದ ಎಓಪಿಎ ಮಾತ್ರ ಒಂದು ಗಂಟೆಯ ಇಂಧನ ಉಳಿಸಿಕೊಂಡು ಇಳಿಯಿರಿ ಎನ್ನುತ್ತದೆ. ಕಾರ್ಖಾನೆಯಿಂದ ಬರುವಾಗ ಎಚ್ಚರಿಕೆಯ ಮಿತಿ ಏನೇ ಇದ್ದರೂ ಅದನ್ನು ಒಂದು ಗಂಟೆಗೆ ಬದಲಿಸಿಕೊಳ್ಳುವುದು ವಾಸಿ, ಏಕೆಂದರೆ ಅರ್ಧ ಗಂಟೆಗೆ ಕೂಗುವ ಯಂತ್ರ ಕೂಗುವ ಹೊತ್ತಿಗೆ ಆಯ್ಕೆಗಳು ಬಹಳ ಇರುವುದಿಲ್ಲ.

ಎರಡೂ ಇರುವವರು ಅವುಗಳನ್ನು ಜಗಳಕ್ಕೆ ಬಿಡಬೇಕು. ಇಳಿದು ನಿಲ್ಲಿಸಿದ ಮೇಲೆ ಟೋಟಲೈಸರ್ ಹೇಳುವ ಉಳಿಕೆಯನ್ನು ಬರೆದುಕೊಂಡು, ಕೊಳವೆ ಇಳಿಸಿ ನೋಡಿ, ಆಮೇಲೆ ಬಂಕಿನ ರಸೀದಿಯನ್ನು ಪಕ್ಕದಲ್ಲಿಟ್ಟರೆ ಮೂರು ಸಂಖ್ಯೆಗಳು ಸಿಗುತ್ತವೆ. ಅವು ಒಂದೆರಡು ಗ್ಯಾಲನ್ ಆಚೀಚೆ ಇದ್ದರೆ ಸಹಜ. ಟೋಟಲೈಸರ್ ಪ್ರತಿ ಸಲವೂ ಹೆಚ್ಚು ಉಳಿದಿದೆ ಎನ್ನುತ್ತಿದ್ದರೆ ಮಿಡಿತಗಳ ಸಂಖ್ಯೆ ತಪ್ಪಿದೆ. ಒಂದು ದಿನ ಇದ್ದಕ್ಕಿದ್ದಂತೆ ಹಾಗೆಂದರೆ ಎಲ್ಲೋ ಸೋರುತ್ತಿದೆ. ರಬ್ಬರಿನ ಚೀಲದಂತಹ ಟ್ಯಾಂಕುಗಳಿರುವ ಹಳೆಯ ಸೆಸ್ನಾ 182ರಂಥವುಗಳಲ್ಲಿ ಚೀಲ ಸುಕ್ಕುಗಟ್ಟಿ ಒಳಗಿನ ಜಾಗವೇ ಕಡಿಮೆಯಾಗಿರುವುದೂ ಉಂಟು. ಬಾಯಿಯವರೆಗೆ ತುಂಬಿದರೂ ಪುಸ್ತಕದಲ್ಲಿ ಬರೆದಷ್ಟು ಹಿಡಿಯದಿದ್ದಾಗ ಮಾತ್ರ ಅದು ಹೊರಬೀಳುತ್ತದೆ. ಒಂದೇ ವಿಮಾನವನ್ನು ಹಲವರು ಹಂಚಿಕೊಂಡು ಹಾರಿಸುವ ಕ್ಲಬ್ಬುಗಳಲ್ಲಿ ಈ ಹೋಲಿಕೆಗೆ ಇನ್ನೂ ಬೆಲೆ ಹೆಚ್ಚು, ಏಕೆಂದರೆ ಹಿಂದೆ ಹಾರಿಸಿದವರು ಯಂತ್ರಕ್ಕೆ ಏನು ಹೇಳಿ ಹೋದರು ಎಂಬುದು ನಂತರ ಬಂದವರಿಗೆ ಗೊತ್ತಿರುವುದಿಲ್ಲ. ಅಲ್ಲಿ ಕೊಳವೆಯನ್ನು ವಿಮಾನದಲ್ಲಿಯೇ ಕಟ್ಟಿಡಬೇಕು, ಪಟ್ಟಿಯನ್ನು ತಪಾಸಣೆಯ ಪುಸ್ತಕಕ್ಕೆ ಹೊಲಿಯಬೇಕು.

ದೂರದ ಹಾರಾಟ ಮಾಡುವವರು, ಇಂಧನ ಇಂಜೆಕ್ಷನ್ ಇರುವ ದೊಡ್ಡ ಎಂಜಿನ್ನಿನ ವಿಮಾನ ಇಟ್ಟುಕೊಂಡವರು ಕೊಳವೆಯ ಜೊತೆಗೆ ಟೋಟಲೈಸರನ್ನೂ ಕೊಂಡರೆ ಹಣ ವ್ಯರ್ಥವಾಗುವುದಿಲ್ಲ. ಎಂಜಿನ್ನಿನಿಂದ ಟ್ಯಾಂಕಿಗೆ ಇಂಧನ ಹಿಂದಿರುಗುವ ಮಾರ್ಗವಿರುವ ವಿಮಾನವಾದರೆ ಮಾತ್ರ ಹಿಂದಿರುಗುವುದನ್ನೂ ಎಣಿಸುವ ಏರ್ಪಾಡು ಇದೆಯೇ ಎಂದು ಅಳವಡಿಸುವವರನ್ನು ಕೇಳಬೇಕು, ಇಲ್ಲವಾದರೆ ಒಂದೇ ಇಂಧನ ಎರಡು ಸಲ ಖರ್ಚಾದಂತೆ ಕಾಣುತ್ತದೆ. ತರಬೇತಿಯ ಸುತ್ತುಗಳಿಗಷ್ಟೇ ಹಾರುವ ಕಾರ್ಬ್ಯುರೇಟರ್ ವಿಮಾನಕ್ಕೆ ಕೊಳವೆ ಮತ್ತು ಒಂದು ಗಡಿಯಾರ ಸಾಕು. ಇನ್ನು ಪೈಪರ್ ಜೆ-3 ಕಬ್‌ನಂತಹ ಹಳೆಯ ವಿಮಾನ ಉಳ್ಳವರು ಎರಡನ್ನೂ ಬಿಡಬಹುದು: ಅದರ 12 ಗ್ಯಾಲನ್ ಟ್ಯಾಂಕಿನ ಮುಚ್ಚಳದಿಂದ ಮೇಲೆದ್ದ ತಂತಿಯ ಬುಡದಲ್ಲಿ ಬೆಂಡು ತೇಲುತ್ತದೆ, ಇಂಧನ ಇಳಿದಂತೆ ತಂತಿಯೂ ಗಾಜಿನ ಮುಂದೆಯೇ ಇಳಿಯುತ್ತದೆ. ವರ್ಷಕ್ಕೊಮ್ಮೆ ಅಳೆದ ಇಂಧನ ಹಾಕಿ ತಂತಿಯ ಉದ್ದ ನೋಡಿಕೊಂಡರೆ, ಮತ್ತು ಬೆಂಡು ಇಂಧನ ಹೀರಿ ಭಾರವಾಗಿಲ್ಲ ಎಂದು ಖಾತ್ರಿ ಮಾಡಿಕೊಂಡರೆ, ಅದಕ್ಕೆ ಕೊಳ್ಳಬೇಕಾದದ್ದು ಏನೂ ಇಲ್ಲ.